ಹಲ್ಲಿನ ಚಿಕಿತ್ಸೆಗೆ ಮಗುವಿಗೆ ಮಂಪರು: ಅಳೆಯಬೇಕಾದದ್ದು ಯಾವುದನ್ನು?

2023ರ ನವೆಂಬರ್ ತಿಂಗಳಲ್ಲಿ ತೃಶೂರು ಜಿಲ್ಲೆಯ ಕುನ್ನಂಕುಳಂನ ಒಂದು ಖಾಸಗಿ ಆಸ್ಪತ್ರೆಗೆ ಹಲ್ಲಿನ ರೂಟ್ ಕೆನಾಲ್ ಚಿಕಿತ್ಸೆಗೆಂದು ಕರೆತಂದ ಮೂರೂವರೆ ವರ್ಷದ ಮಗು ತೀರಿಕೊಂಡ ಸುದ್ದಿಯನ್ನು ಓದುಗರು ಮರೆತಿರಲಾರರು. ಚಿಕಿತ್ಸೆಯಲ್ಲಿ ಲೋಪವಾಯಿತೆಂದು ಬಂಧುಗಳು ದೂರಿದರು, ಪೊಲೀಸರು ಕೇಸು ದಾಖಲಿಸಿದರು. ಅಲ್ಲಿ ನಡೆದದ್ದೇನೆಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಆದರೆ ಹಾಲುಹಲ್ಲಿನ ನೋವಿಗೆಂದು ಹೋದ ಮಗು ತಿರುಗಿ ಬರಲಿಲ್ಲವೆಂಬ ಒಂದು ಸಾಲು ತಂದೆತಾಯಂದಿರ ಮನಸ್ಸಿನಲ್ಲಿ ಕುಳಿತರೆ ಸುಲಭವಾಗಿ ಏಳುವುದಿಲ್ಲ.

ಮೊನ್ನೆ ಸಂಜೆ ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿಯೊಬ್ಬಳ ತಂದೆ ಮನೆಗೆ ಬಂದಾಗಲೂ ಮೊದಲು ಪ್ರಸ್ತಾಪಿಸಿದ್ದು ಆ ಸುದ್ದಿಯನ್ನೇ. ಅವರ ಸಣ್ಣ ಮಗನಿಗೆ ನಾಲ್ಕು ವರ್ಷ. ಕೆಳದವಡೆಯ ಎರಡು ಹಲ್ಲು ಹುಳುಕಾಗಿ ರಾತ್ರಿ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಕೈಯಲ್ಲಿ ಕ್ಲಿನಿಕ್ಕೊಂದರ ಸಮ್ಮತಿಪತ್ರವಿತ್ತು. "ಮಾಷ್ಟ್ರೇ, ಮಂಪರು ಬರಿಸಿ ಮಾಡ್ತೇವೆ, ದಸ್ಕತ್ತು ಹಾಕಿ ತನ್ನಿ ಅಂದಿದ್ದಾರೆ. ಇದರಲ್ಲಿ ಏನು ಬರೆದಿದೆ ಅಂತ ಒಮ್ಮೆ ಓದಿ ಹೇಳಬೇಕು" ಎಂದರು. ಕಾಗದದ ಒಂದು ಮಗ್ಗುಲಲ್ಲಿ ಇಂಗ್ಲಿಷ್, ಇನ್ನೊಂದು ಮಗ್ಗುಲಲ್ಲಿ ಮಲಯಾಳ. ಓದಿ ಹೇಳಿದೆ. ಓದಿ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಕೊಡಿಸಬಹುದೋ?" ಅದಕ್ಕೆ ಉತ್ತರ ಆ ಕಾಗದದಲ್ಲಿ ಇರಲಿಲ್ಲ. ನನ್ನಲ್ಲಿಯೂ ಇರಲಿಲ್ಲ. ನಾಲ್ಕು ದಿನ ಸಮಯ ಕೇಳಿ ಓದತೊಡಗಿದೆ. ಓದಿದ್ದರಲ್ಲಿ ನಮ್ಮ ಮನೆಗಳಿಗೆ ಸಂಬಂಧಪಟ್ಟದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ, ಇದು ಪೇಟೆಯವರ ಚೋದ್ಯವೆಂದು ತಳ್ಳಿಹಾಕುವ ವಿಷಯವಲ್ಲ. 2002-03ರಲ್ಲಿ ಭಾರತೀಯ ದಂತವೈದ್ಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಶೇಕಡಾ 51.9ರಷ್ಟು ಮಂದಿಗೆ ಹುಳುಕುಹಲ್ಲು ಇದ್ದುದು ಕಂಡುಬಂದಿತ್ತು. ಅಂದರೆ ಅಂಗನವಾಡಿ ಬಿಟ್ಟು ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಇಬ್ಬರಿಗೊಬ್ಬರು. "ಹಾಲುಹಲ್ಲು ತಾನೆ, ಬಿದ್ದುಹೋಗುತ್ತದೆ" ಎಂದು ಹಿರಿಯರು ಹೇಳುವುದುಂಟು. ಹಿಂದಿನ ದವಡೆಯ ಹಾಲುಹಲ್ಲು ಬೀಳುವುದು ಹತ್ತು ಹನ್ನೊಂದನೇ ವರ್ಷಕ್ಕೆ. ನಾಲ್ಕನೇ ವರ್ಷದಲ್ಲಿ ಕೀವು ಕಟ್ಟಿದರೆ ಅಲ್ಲಿಯ ತನಕ ಕಾಯಲಾಗುವುದಿಲ್ಲ. ನೋವಿರುವ ಮಗು ಉಣ್ಣುವುದಿಲ್ಲ, ಮಲಗುವುದಿಲ್ಲ, ತರಗತಿಯಲ್ಲಿ ಕೂತರೂ ಕೂತಂತಲ್ಲ.

ನಮ್ಮ ಬಾಲ್ಯದಲ್ಲಿ ಇದಕ್ಕೆ ಇದ್ದ ಪರಿಹಾರ ಸರಳವಾಗಿತ್ತು. ಒಬ್ಬರು ಕೈ ಹಿಡಿದರು, ಒಬ್ಬರು ಕಾಲು ಹಿಡಿದರು, ವೈದ್ಯರು ಕಿತ್ತರು. ನನ್ನ ಹಲ್ಲೂ ಹಾಗೆಯೇ ಹೋದದ್ದು. ಆ ಹೆದರಿಕೆಯಿಂದ ಮುಂದೆ ಇಪ್ಪತ್ತು ವರ್ಷ ನಾನು ಹಲ್ಲಿನ ವೈದ್ಯರ ಮೆಟ್ಟಲು ಹತ್ತಲಿಲ್ಲ. ಮಂಪರು ಔಷಧ ಬಂದದ್ದು ಈ ಹಿಂಸೆಯನ್ನು ತಪ್ಪಿಸಲಿಕ್ಕೆ. ಆ ಉದ್ದೇಶ ಒಳ್ಳೆಯದೇ.

ಇನ್ನೂ ಕೆಲವರಿಗೆ ಅದು ಆಯ್ಕೆಯ ವಿಷಯವೇ ಅಲ್ಲ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳಲ್ಲಿ ಕೈಕಾಲು ಸ್ವಾಧೀನವಿಲ್ಲದ, ಮಾತು ಬಾರದ ಮಕ್ಕಳು ಎಷ್ಟೋ ಮನೆಗಳಲ್ಲಿ ಬೆಳೆದರು. ಅಂಥವರ ಬಾಯಿ ತೆರೆಸಿ ಹಲ್ಲು ನೋಡುವುದೇ ಸಾಹಸ. ಹತೋಟಿಯಿಲ್ಲದೆ ಸೆಟೆಯುವ ದೇಹಕ್ಕೆ ಕೊರೆಯುವ ಯಂತ್ರ ಹಿಡಿಯುವುದಾದರೂ ಹೇಗೆ? ಅವರ ಮಟ್ಟಿಗೆ ಮಂಪರು ಅಥವಾ ಪೂರ್ಣ ಅರಿವಳಿಕೆ ಇಲ್ಲವೆಂದರೆ ಚಿಕಿತ್ಸೆಯೇ ಇಲ್ಲವೆಂದು ಅರ್ಥ. ಆದ್ದರಿಂದ "ಮಂಪರು ಬೇಡವೇ ಬೇಡ" ಎಂದು ಬರೆಯುವುದು ನನ್ನ ಉದ್ದೇಶವಲ್ಲ.

ಈಗ ಮಂಪರು ಎಂದರೇನು ಎಂಬುದಕ್ಕೆ ಬರೋಣ. ನೋವು ಮರೆಸುವ ವಿದ್ಯೆಗೂ ಹಲ್ಲಿಗೂ ಹಳೆಯ ನಂಟು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ದಂತವೈದ್ಯ ಹೊರೇಸ್ ವೆಲ್ಸ್ ಎಂಬವನು ನೈಟ್ರಸ್ ಆಕ್ಸೈಡ್ ಸೇದಿ ತನ್ನದೇ ಹಲ್ಲನ್ನು ಕೀಳಿಸಿಕೊಂಡ. 1846ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಈಥರಿನ ಪ್ರದರ್ಶನ ಕೊಟ್ಟ ಮಾರ್ಟನ್ನನೂ ದಂತವೈದ್ಯನೇ. ಅಂದಿನಿಂದ ಔಷಧಗಳು ಎಷ್ಟೋ ಬದಲಾದರೂ ಮೆಟ್ಟಲುಗಳು ನಾಲ್ಕೇ ಎಂದು ಇಂದಿನ ವೈದ್ಯರು ಲೆಕ್ಕ ಹಾಕುತ್ತಾರೆ. ಮೊದಲನೆಯದರಲ್ಲಿ ಮಗು ಎಚ್ಚರವಾಗಿಯೇ ಇದ್ದು ಹೆದರಿಕೆ ಮಾತ್ರ ಇಳಿದಿರುತ್ತದೆ. ಎರಡನೆಯದರಲ್ಲಿ ತೂಕಡಿಸುತ್ತಿದ್ದರೂ ಹೆಸರು ಹಿಡಿದು ಕರೆದರೆ ಓಗೊಡುತ್ತದೆ. ಮೂರನೆಯದರಲ್ಲಿ ಕರೆದರೆ ಏಳದು, ನೋವು ಮಾಡಿದರೆ ಮಾತ್ರ ಮಿಸುಕಾಡೀತು. ನಾಲ್ಕನೆಯದು ಪೂರ್ಣ ಅರಿವಳಿಕೆ.

ಕಾಗದದ ಮೇಲೆ ಇದು ನಾಲ್ಕು ಮೆಟ್ಟಲು. ಮಗುವಿನ ದೇಹದಲ್ಲಿ ಜಾರುಬಂಡೆ. ಅದೇ ಔಷಧ, ಅದೇ ಲೆಕ್ಕದ ಪ್ರಮಾಣ ಒಂದು ಮಗುವನ್ನು ಎರಡನೆಯ ಮೆಟ್ಟಲಲ್ಲಿ ನಿಲ್ಲಿಸಿದರೆ ಇನ್ನೊಂದನ್ನು ಮೂರಕ್ಕೆ ಇಳಿಸಬಹುದು. ಮೂರಕ್ಕೆ ಇಳಿದಾಗ ನಾಲಗೆ ಹಿಂದಕ್ಕೆ ಬಿದ್ದು ಶ್ವಾಸದ ದಾರಿ ಮುಚ್ಚಿಹೋಗುವ ಭಯವಿದೆ. ಸಣ್ಣ ಮಕ್ಕಳ ಬಾಯಿಗೆ ನಾಲಗೆ ದೊಡ್ಡದು, ಟಾನ್ಸಿಲ್ ದೊಡ್ಡದು, ಗಂಟಲು ಕಿರಿದು. ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಎರಡು ಪಟ್ಟು ಪ್ರಾಣವಾಯು ಅವಕ್ಕೆ ಬೇಕು, ಸಂಗ್ರಹವೋ ಕಡಿಮೆ. ಹಾಗಾಗಿ ಉಸಿರು ನಿಂತರೆ ದೊಡ್ಡವರಿಗೆ ಸಿಗುವ ಸಮಯ ಮಗುವಿಗೆ ಸಿಗುವುದಿಲ್ಲ. ಸಾಲದ್ದಕ್ಕೆ ವೈದ್ಯರು ಕೆಲಸ ಮಾಡುವ ಜಾಗವೂ ಮಗು ಉಸಿರಾಡುವ ಜಾಗವೂ ಒಂದೇ. ಕಾಲಿಗೆ ಹೊಲಿಗೆ ಹಾಕುವಾಗ ಈ ತೊಂದರೆಯಿಲ್ಲ. ಬಾಯಿಯಲ್ಲಿ ಯಂತ್ರದ ನೀರು, ರಕ್ತ, ಹತ್ತಿ, ಉಪಕರಣ ಎಲ್ಲ ಒಟ್ಟಿಗೇ ಇರುತ್ತವೆ.

ಕೊಡುವ ವಿಧಾನಗಳಲ್ಲಿಯೂ ಅಜಗಜಾಂತರ ವ್ಯತ್ಯಾಸವಿದೆ. ಮೂಗಿನ ಮೇಲೆ ಮುಚ್ಚಳವಿಟ್ಟು ಪ್ರಾಣವಾಯುವಿನ ಜೊತೆಗೆ ಬೆರೆಸಿ ಕೊಡುವ ನೈಟ್ರಸ್ ಆಕ್ಸೈಡ್ ಎಲ್ಲಕ್ಕಿಂತ ಹಗುರ. ಮುಚ್ಚಳ ತೆಗೆದು ಕೆಲವು ನಿಮಿಷ ಬರಿಯ ಪ್ರಾಣವಾಯು ಕೊಟ್ಟರೆ ಮಗು ಮೊದಲಿನಂತಾಗುತ್ತದೆ. ಆದರೆ ಶೀತವಾಗಿ ಮೂಗು ಕಟ್ಟಿದ ಮಗುವಿಗೆ, ಮುಚ್ಚಳವನ್ನೇ ಕಿತ್ತೆಸೆಯುವ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ಬಾಯಿಯಿಂದ ಕುಡಿಸುವ ಮಿಡಝೋಲಾಂ ಅದಕ್ಕಿಂತ ಬಲವಾದದ್ದು. ಕುಡಿಸಿದ ಮೇಲೆ ಹೆಚ್ಚಾಯಿತೆಂದು ಹಿಂದೆ ತೆಗೆಯುವಂತಿಲ್ಲ; ಆದರೆ ಅದರ ಪ್ರಭಾವವನ್ನು ಇಳಿಸುವ ಫ್ಲುಮಾಝೆನಿಲ್ ಎಂಬ ಪ್ರತ್ಯೌಷಧವುಂಟು, ಅದು ಕೈಗೆಟಕುವಲ್ಲಿ ಇರಬೇಕು. ಅಭಿಧಮನಿಗೆ ಸೂಜಿ ಹಾಕಿ ಕೊಡುವ ಔಷಧಗಳು ಇನ್ನೂ ಬಲವಾದವು. ನಮ್ಮ ಸಮ್ಮತಿಪತ್ರದಲ್ಲಿ ಮಾತ್ರ ಇವೆಲ್ಲಕ್ಕೂ ಸೇರಿಸಿ ಒಂದೇ ಶಬ್ದವಿತ್ತು.

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ. ಮಂಪರು "ಚೆನ್ನಾಗಿ ಆಯಿತು" ಎಂದು ಹೇಳುವುದು ಯಾವುದನ್ನು ಅಳೆದು? ದಂತವೈದ್ಯರಲ್ಲಿ 1962ರಿಂದ ಬಳಕೆಯಲ್ಲಿರುವ ಫ್ರಾಂಕಲ್ ಮಾಪನವೆಂಬುದೊಂದಿದೆ. ಪೂರ್ತಿ ಪ್ರತಿಭಟಿಸುವ ಮಗುವಿಗೆ ಒಂದು, ನಗುತ್ತ ಸಹಕರಿಸುವ ಮಗುವಿಗೆ ನಾಲ್ಕು, ನಡುವೆ ಇನ್ನೆರಡು ದರ್ಜೆ. 1985ರ ಸುಮಾರಿಗೆ ಬಂದ ಹೌಪ್ಟ್ ಮಾಪನ ನಿದ್ದೆ, ಮಿಸುಕಾಟ, ಅಳು ಇವನ್ನು ಬೇರೆಬೇರೆಯಾಗಿ ಎಣಿಸುತ್ತದೆ. ಇವೆಲ್ಲ ಉಪಯುಕ್ತವೇ. ಆದರೆ ಗಮನಿಸಿ: ಇವು ಅಳೆಯುವುದು ಮಗು ಎಷ್ಟು ಸುಮ್ಮನಿತ್ತು, ವೈದ್ಯರ ಕೆಲಸ ಎಷ್ಟು ಸಲೀಸಾಯಿತು ಎಂಬುದನ್ನು. ಕದಲದೆ ಮಲಗಿದ ಮಗುವಿನಲ್ಲಿ ಉಸಿರಿನ ದಾರಿ ಅರ್ಧ ಮುಚ್ಚಿದ್ದರೂ ನಡತೆಯ ಅಂಕ ಇಳಿಯುವುದಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಇದು ಬೇಗ ಅರ್ಥವಾಗುತ್ತದೆ. ಪಿಟ್ಟೆನ್ನದ ತರಗತಿಯನ್ನು ಕಂಡು ಇನ್‌ಸ್ಪೆಕ್ಟರರು ಮೆಚ್ಚಿ ಹೋದಾರು; ಪಾಠ ಎಷ್ಟು ತಲೆಗೆ ಹೋಗಿದೆಯೆಂಬುದು ಬೇರೆಯೇ ಲೆಕ್ಕ.

ಸಂಶೋಧನೆಗಳ ಗತಿಯೂ ಹೀಗೆಯೇ. ಮಕ್ಕಳ ದಂತಚಿಕಿತ್ಸೆಯಲ್ಲಿ ಮಂಪರಿನ ಕುರಿತು ಪ್ರಪಂಚದಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ ಕಾಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ 50 ಅಧ್ಯಯನಗಳು, 3,704 ಮಕ್ಕಳು, 34 ಬಗೆಯ ಔಷಧಗಳು ಸೇರಿದ್ದವು. ಇಷ್ಟು ರಾಶಿಯಿಂದ ಹೊರಬಿದ್ದ ತಕ್ಕಮಟ್ಟಿನ ಖಚಿತ ತೀರ್ಮಾನ ಒಂದೇ: ಬಾಯಿಯಿಂದ ಕೊಡುವ ಮಿಡಝೋಲಾಂ ಮಗುವಿನ ಸಹಕಾರವನ್ನು ಹೆಚ್ಚಿಸುತ್ತದೆ. ನೈಟ್ರಸ್ ಆಕ್ಸೈಡಿಗೆ ದುರ್ಬಲ ಆಧಾರ. ಉಳಿದವುಗಳ ಬಗ್ಗೆ ಹೇಳಲು ಆಧಾರ ಸಾಲದು, ಏಕೆಂದರೆ ಒಬ್ಬೊಬ್ಬರು ಒಂದೊಂದು ಪ್ರಮಾಣ ಕೊಟ್ಟು ಒಂದೊಂದು ಮಾಪನದಲ್ಲಿ ಅಳೆದಿದ್ದಾರೆ.

ಅಧ್ಯಯನದಲ್ಲಿ ಅನಾಹುತ ಆಗಲಿಲ್ಲ ಎಂಬ ಮಾತಿಗೆ ಎಷ್ಟು ಬೆಲೆ? ಇಲ್ಲಿ ಗಣಿತದ ಒಂದು ಸಣ್ಣ ಸೂತ್ರ ನೆರವಿಗೆ ಬರುತ್ತದೆ. 1983ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅದನ್ನು ವಿವರಿಸಿದ್ದರು; "ಮೂರರ ಸೂತ್ರ" ಎಂದು ಹೆಸರು. ಇಷ್ಟು ಮಂದಿಯಲ್ಲಿ ಒಂದೂ ಅನಾಹುತ ಕಾಣಲಿಲ್ಲ ಎಂದಾದರೆ ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ. ನಿಜವಾದ ಅಪಾಯ ಅಷ್ಟರ ವರೆಗೂ ಇರಬಹುದು. 50 ಮಕ್ಕಳ ಅಧ್ಯಯನದಲ್ಲಿ ಏನೂ ಆಗದಿದ್ದರೂ ಅಪಾಯ ನೂರಕ್ಕೆ ಆರರಷ್ಟು ಇರುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ. "ನಾವು ಮುನ್ನೂರು ಮಕ್ಕಳಿಗೆ ಕೊಟ್ಟಿದ್ದೇವೆ, ಒಂದಕ್ಕೂ ಏನೂ ಆಗಿಲ್ಲ" ಎಂದು ಯಾರಾದರೂ ಧೈರ್ಯ ಹೇಳಿದರೆ ಅದು ಸುಳ್ಳಲ್ಲ. ಆದರೆ ಆ ಮಾತಿನಿಂದ ಸಿದ್ಧವಾಗುವುದು ಅಪಾಯ ನೂರಕ್ಕೆ ಒಂದಕ್ಕಿಂತ ಹೆಚ್ಚಿರಲಾರದು ಎಂಬಷ್ಟೇ. ಯಾವ ತಂದೆಗೆ ಅದು ಸಮಾಧಾನ?

ಆದ ಸಾವುಗಳ ಲೆಕ್ಕವಾದರೂ ಎಲ್ಲಿದೆ? ಅಮೆರಿಕದಂಥ ದೇಶದಲ್ಲಿಯೂ ಸಂಶೋಧಕರು ಪತ್ರಿಕಾ ಸುದ್ದಿಗಳ ಮೊರೆಹೋಗಬೇಕಾಯಿತು. 1980ರಿಂದ 2011ರ ವರೆಗಿನ ಸುದ್ದಿಗಳನ್ನು ಜಾಲಾಡಿ 2013ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 44 ಮಕ್ಕಳ ಸಾವು ಸಿಕ್ಕಿತು. ಅವರಲ್ಲಿ 21 ಮಂದಿ ಎರಡರಿಂದ ಐದು ವರ್ಷದೊಳಗಿನವರು. 21 ಸಾವು ಸಂಭವಿಸಿದ್ದು ಆಸ್ಪತ್ರೆಯಲ್ಲಲ್ಲ, ಕ್ಲಿನಿಕ್ಕಿನಲ್ಲಿ. 25 ಪ್ರಕರಣಗಳಲ್ಲಿ ಮಂಪರು ಅಥವಾ ಅರಿವಳಿಕೆಯ ಹೊಣೆ ಹೊತ್ತವರು ದಂತವೈದ್ಯರೇ. ಪತ್ರಿಕೆಗೆ ಬಾರದ ಸಾವುಗಳು ಈ ಲೆಕ್ಕದಲ್ಲಿಲ್ಲ. ಒಟ್ಟು ಎಷ್ಟು ಮಕ್ಕಳಿಗೆ ಮಂಪರು ಕೊಡಲಾಯಿತೆಂಬುದೂ ಇಲ್ಲ. ಆದ್ದರಿಂದ ಇಷ್ಟರಲ್ಲಿ ಇಷ್ಟು ಎಂಬ ದರವನ್ನು ಇದರಿಂದ ಹೇಳಲಾಗದು. ಜಿಲ್ಲಾ ಪತ್ರಿಕೆಯ ಒಳಪುಟದ ನಾಲ್ಕು ಸಾಲಿನ ಸುದ್ದಿ ವಿಜ್ಞಾನಕ್ಕೆ ದಾಖಲೆಯಾಗುವುದೆಂದರೆ ಪತ್ರಿಕೆಯವರು ಹೆಮ್ಮೆಪಡಬೇಕೋ, ವ್ಯವಸ್ಥೆ ನಾಚಬೇಕೋ ತಿಳಿಯದು.

ಇದಕ್ಕಿಂತಲೂ ಕಣ್ಣು ತೆರೆಸುವಂಥದ್ದು 2000ನೇ ಇಸವಿಯಲ್ಲಿ ಡಾಕ್ಟರ್ ಚಾರ್ಲ್ಸ್ ಕೋಟೆ ಮತ್ತು ಸಂಗಡಿಗರು ಮಾಡಿದ ವಿಶ್ಲೇಷಣೆ. ಹಲ್ಲು ಮಾತ್ರವಲ್ಲದೆ ಎಲ್ಲ ಬಗೆಯ ಚಿಕಿತ್ಸೆಗಳಲ್ಲಿ ಮಕ್ಕಳಿಗೆ ಮಂಪರು ಕೊಟ್ಟಾಗ ಸಂಭವಿಸಿದ 95 ಅವಘಡಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿದರು. 60 ಪ್ರಕರಣಗಳಲ್ಲಿ ಮಗು ಸತ್ತಿತ್ತು ಅಥವಾ ಮೆದುಳಿಗೆ ಶಾಶ್ವತ ಹಾನಿಯಾಗಿತ್ತು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಕಡೆ ಮೊದಲು ಕೆಟ್ಟದ್ದು ಉಸಿರಾಟ, ಹೃದಯವಲ್ಲ. ಅವಘಡ ಆಸ್ಪತ್ರೆಯೊಳಗೆ ಆದಾಗ ಈ ಗತಿ ಕಂಡವು ಶೇಕಡಾ 37. ಆಸ್ಪತ್ರೆಯ ಹೊರಗಿನ ಕೇಂದ್ರಗಳಲ್ಲಿ ಶೇಕಡಾ 93. ಉಸಿರು ತೊಡಕುವುದು ಎರಡೂ ಕಡೆ ಇದ್ದದ್ದೇ. ತೊಡಕಿದ ಉಸಿರನ್ನು ಮತ್ತೆ ಹಿಡಿದು ತರುವ ಕೈ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಉಂಟು. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ವರದಿಯಲ್ಲಿ 26 ಸಂಸ್ಥೆಗಳು ಆಪರೇಷನ್ ಥಿಯೇಟರಿನ ಹೊರಗೆ ಮಕ್ಕಳಿಗೆ ಮಂಪರು, ಅರಿವಳಿಕೆ ಕೊಟ್ಟ 30,037 ಪ್ರಸಂಗಗಳನ್ನು ದಾಖಲಿಸಿದವು. ಒಂದು ಮಗುವೂ ಸಾಯಲಿಲ್ಲ. ಆದರೆ ಪ್ರತಿ ಹತ್ತು ಸಾವಿರದಲ್ಲಿ 157 ಸಲ ರಕ್ತದ ಪ್ರಾಣವಾಯು ಶೇಕಡಾ 90ಕ್ಕಿಂತ ಕೆಳಗಿಳಿದಿತ್ತು. ಅಂದರೆ ನೂರರಲ್ಲಿ ಒಂದೂವರೆ ಸಲ. ತರಬೇತಾದ ತಂಡ ಪಕ್ಕದಲ್ಲೇ ನಿಂತಿದ್ದುದರಿಂದ ಇಳಿದದ್ದು ಮೇಲೇರಿತು. ಈ ಎರಡು ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. "ಔಷಧ ಒಳ್ಳೆಯದೋ ಕೆಟ್ಟದ್ದೋ" ಎಂಬುದು ನಾವು ಕೇಳಬೇಕಾದ ಪ್ರಶ್ನೆಯಲ್ಲ. ಮಗು ಎಣಿಸಿದ್ದಕ್ಕಿಂತ ಒಂದು ಮೆಟ್ಟಲು ಕೆಳಗಿಳಿದರೆ ಅದನ್ನು ಕಾಣುವವರು ಯಾರು, ಎತ್ತುವವರು ಯಾರು? ಮಂಪರಿನ ಬೆಲೆ ಕಟ್ಟಬೇಕಾದದ್ದು ಇದರ ಮೇಲೆ.

ಬೇರೆ ದೇಶಗಳ ನಿಯಮಗಳೂ ಹೀಗೆ ಸಾವಿನ ಬೆನ್ನಿಗೇ ಹುಟ್ಟಿದವು. ಒಂದೇ ದಂತ ಕ್ಲಿನಿಕ್ಕಿನಲ್ಲಿ ಮೂರು ಮಕ್ಕಳು ತೀರಿಕೊಂಡದ್ದರಿಂದ ಎಚ್ಚೆತ್ತು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1985ರಲ್ಲಿ ಮೊದಲ ಮಾರ್ಗಸೂಚಿ ಹೊರಡಿಸಿತು. ಬ್ರಿಟನ್ನಿನಲ್ಲಿ 2001ರ ಕೊನೆಯಿಂದ ಹಲ್ಲಿನ ಚಿಕಿತ್ಸೆಗೆ ಪೂರ್ಣ ಅರಿವಳಿಕೆ ಕೊಡುವುದನ್ನು ತೀವ್ರ ನಿಗಾ ಸೌಲಭ್ಯವಿರುವ ಆಸ್ಪತ್ರೆಗಳಿಗೆ ಸೀಮಿತಗೊಳಿಸಿದರು. ಕ್ಯಾಲಿಫೋರ್ನಿಯದಲ್ಲಿ 2015ರಲ್ಲಿ ಆರು ವರ್ಷದ ಬಾಲಕನೊಬ್ಬ ಹಲ್ಲಿನ ಚಿಕಿತ್ಸೆಯ ಅರಿವಳಿಕೆಯಲ್ಲಿ ತೀರಿಕೊಂಡ ಮೇಲೆ 2016ರಲ್ಲಿ ಒಂದು ಕಾಯಿದೆ, 2018ರಲ್ಲಿ ಇನ್ನೊಂದು ಬಂದವು. ಎರಡನೆಯದು 2022ರಿಂದ ಜಾರಿಯಲ್ಲಿದೆ. ಏಳು ವರ್ಷದೊಳಗಿನ ಮಗುವಿಗೆ ಆಳ ಮಂಪರು ಕೊಡುವುದಾದರೆ ದಂತವೈದ್ಯರಲ್ಲದೆ ಇನ್ನಿಬ್ಬರಾದರೂ ಇರಬೇಕು ಎಂಬುದು ಅದರ ಸಾರಾಂಶ. ಹಲ್ಲು ನೋಡುವ ಕಣ್ಣು ಬೇರೆ, ಉಸಿರು ನೋಡುವ ಕಣ್ಣು ಬೇರೆ ಎಂಬ ಮಾತು ಕಾಯಿದೆಯಾಗಲು ಇಷ್ಟು ವರ್ಷ ಬೇಕಾಯಿತು.

ನಮ್ಮ ರಾಜ್ಯದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯಿದೆ ಇದೆ. ಚಿಕಿತ್ಸೆಯ ದರವನ್ನು ಎಲ್ಲರಿಗೂ ಕಾಣುವಂತೆ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ತೂಗುಹಾಕಬೇಕೆಂದು ಅದು ಹೇಳುತ್ತದೆ. ಕನ್ನಡದ ಮಾತು ಅಲ್ಲಿಲ್ಲ. 1969ರ ರಾಜ್ಯಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರಿ ಕಚೇರಿಗಳೊಡನೆ ಸ್ವಭಾಷೆಯಲ್ಲಿ ಪತ್ರವ್ಯವಹಾರಕ್ಕೆ ಅವಕಾಶ ಕೊಟ್ಟಿತಾದರೂ ಖಾಸಗಿ ಕ್ಲಿನಿಕ್ಕಿನ ಸಮ್ಮತಿಪತ್ರ ಅದರ ಮಿತಿಗೆ ಬರುವಂಥದ್ದಲ್ಲ. ಇದನ್ನು ಭಾಷಾ ಜಗಳವಾಗಿ ನೋಡುವುದು ಬೇಡ. ಮಲಯಾಳ ಓದಲು ಬಾರದ ತಾಯಿ ಹಾಕಿದ ದಸ್ಕತ್ತನ್ನು ಸಮ್ಮತಿ ಎನ್ನಬಹುದೇ ಎಂಬುದಷ್ಟೇ ಪ್ರಶ್ನೆ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಚಿಕಿತ್ಸೆಯ ಸ್ವರೂಪ, ಅದರ ಅಪಾಯಗಳು, ಬೇರೆ ದಾರಿಗಳು ಇವನ್ನು ತಕ್ಕಮಟ್ಟಿಗೆ ತಿಳಿಸಿದ ಮೇಲೆ ಸಿಕ್ಕಿದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂದು ಸ್ಪಷ್ಟಪಡಿಸಿದೆ. ತಿಳಿಯದ ಭಾಷೆಯಲ್ಲಿ ತಿಳಿಸಿದರೆ ತಿಳಿಸಿದಂತಾಗುವುದಿಲ್ಲ. ಅರ್ಥವಾಗದಿದ್ದರೆ ಅಲ್ಲಿಯೇ ಕೇಳಿ ಹೇಳಿಸಿಕೊಳ್ಳಿ, ಸಂಕೋಚ ಬೇಡ. ಎಷ್ಟೋ ವೈದ್ಯರಿಗೆ ತುಳುವೋ ಕನ್ನಡವೋ ಬರುತ್ತದೆ, ಕೇಳಿದವರಿಲ್ಲದೆ ಹೇಳುವುದಿಲ್ಲ.

"ಬೇರೆ ದಾರಿ" ಎಂಬುದು ಬರಿಯ ಕೋರ್ಟಿನ ಶಬ್ದವಲ್ಲ. ಮಂಪರಿಲ್ಲದೆ ಮುಗಿಸಬಹುದಾದ ಕೆಲಸಗಳು ಈಗ ಬಹಳವಿವೆ. ಹುಳುಕಿನ ಮೇಲೆ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವವನ್ನು ಸಣ್ಣ ಕುಂಚದಿಂದ ಹಚ್ಚಿದರೆ ಎಷ್ಟೋ ಹುಳುಕುಗಳು ಅಲ್ಲಿಗೇ ನಿಲ್ಲುತ್ತವೆ. ಕೊರೆಯುವುದಿಲ್ಲ, ಚುಚ್ಚುವುದಿಲ್ಲ, ಹುಳುಕಿನ ಜಾಗ ಖಾಯಂ ಕಪ್ಪಾಗುತ್ತದೆ, ಅದೊಂದು ಕುಂದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹುಳುಕನ್ನು ಕೆರೆಯದೆಯೇ ಹಾಲುಹಲ್ಲಿಗೆ ಉಕ್ಕಿನ ಟೊಪ್ಪಿ ಕೂರಿಸುವ ಹಾಲ್ ವಿಧಾನ ಸ್ಕಾಟ್ಲೆಂಡಿನಿಂದ ಬಂತು. ಹಲ್ಲಿನ ನರಕ್ಕೆ ಸೋಂಕು ತಗಲಿ ಕೀವಾಗಿದ್ದರೆ ಇವೆರಡೂ ಸಾಲುವುದಿಲ್ಲ. ಆದ್ದರಿಂದಲೇ ನೋವು ಶುರುವಾಗುವ ಮೊದಲೇ ತೋರಿಸಬೇಕೆನ್ನುವುದು.

ಮಾತಿನ ಮದ್ದನ್ನೂ ಮರೆಯುವಂತಿಲ್ಲ. ಮಕ್ಕಳ ದಂತವೈದ್ಯರು 1959ರಿಂದ ಕಲಿಯುತ್ತ ಬಂದ ಒಂದು ಕ್ರಮವಿದೆ: ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ಟಿ.ಸಿ.ಎಚ್. ತರಗತಿಯಲ್ಲಿ ನಮಗೆ ಕಲಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ನೀರು ಚಿಮ್ಮುವ ನಳಿಗೆಯನ್ನು ಮೊದಲು ಮಗುವಿನ ಉಗುರಿನ ಮೇಲೆ ಹಿಡಿದು ತೋರಿಸಿ, ಅನಂತರ ಬಾಯಿಗೆ ತಂದರೆ ಅರ್ಧ ಹೆದರಿಕೆ ಹೋಗುತ್ತದೆ. ಆದರೆ "ಹೇಳು" ಎಂಬ ಮೊದಲ ಮೆಟ್ಟಲು ಮಗುವಿನ ಮನೆಮಾತಿನಲ್ಲಿ ಆಗಬೇಕು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮಾತ್ರ ಕೇಳಿ ಬೆಳೆದ ನಾಲ್ಕು ವರ್ಷದ ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಎಷ್ಟು ಮುದ್ದಾಗಿ ಹೇಳಿದರೂ ಅದು ಸದ್ದಷ್ಟೆ. "ಮಗು ಸಹಕರಿಸುವುದಿಲ್ಲ, ಮಂಪರು ಬೇಕು" ಎಂಬ ತೀರ್ಮಾನಕ್ಕೆ ಬರುವ ಮೊದಲು, ಅದಕ್ಕೆ ತಿಳಿಯುವ ಮಾತಿನಲ್ಲಿ ಯಾರಾದರೂ ಹೇಳಿ ನೋಡಿದ್ದುಂಟೋ ಎಂದು ಕೇಳಿಕೊಳ್ಳುವುದು ಒಳ್ಳೆಯದು. ತಾಯಿಯೋ ಅಜ್ಜಿಯೋ ಪಕ್ಕದಲ್ಲಿ ನಿಂತು ದುಭಾಷಿಯ ಕೆಲಸ ಮಾಡಬಹುದು.

ಇಷ್ಟೆಲ್ಲ ಆದ ಮೇಲೂ ಮಂಪರು ಅನಿವಾರ್ಯವೆಂದಾದರೆ? ಆಗ ನಮ್ಮ ಕೆಲಸವೂ ಇದೆ. ಮಗು ರಾತ್ರಿ ಗೊರಕೆ ಹೊಡೆಯುತ್ತದೆಯೇ, ಟಾನ್ಸಿಲ್ ಊದಿದೆಯೇ, ಮೂರು ದಿನದಿಂದ ಕೆಮ್ಮಿದೆಯೇ, ಯಾವ ಔಷಧ ನಡೆಯುತ್ತಿದೆ ಎಂಬುದನ್ನು ಕೇಳದಿದ್ದರೂ ಹೇಳಬೇಕು. ಶೀತ ಕೆಮ್ಮು ಇದ್ದರೆ ದಿನ ಮುಂದೂಡಲು ನಾಚಿಕೆ ಬೇಡ. ಮಗುವಿನ ತೂಕವನ್ನು ಅಂದೇ ಅಲ್ಲಿಯೇ ನೋಡಬೇಕು. "ಸುಮಾರು ಹದಿನೈದು ಕಿಲೋ" ನಡೆಯದು. ಯಾಕೆಂದರೆ ಎಲ್ಲ ಲೆಕ್ಕವೂ ಅದರ ಮೇಲೆ. ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದನ್ನೇ ನೋಡಿ. ಮಕ್ಕಳ ದಂತವೈದ್ಯರ ಅಮೆರಿಕನ್ ಅಕಾಡೆಮಿ ಹೇಳುವ ಗರಿಷ್ಠ ಪ್ರಮಾಣ ಒಂದು ಕಿಲೋ ತೂಕಕ್ಕೆ 4.4 ಮಿಲಿಗ್ರಾಂ. 15 ಕಿಲೋ ಮಗುವಿಗೆ 66 ಮಿಲಿಗ್ರಾಂ. ಶೇಕಡಾ ಎರಡರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುವುದರಿಂದ 3.3 ಮಿಲಿಲೀಟರಿಗೆ ಮಿತಿ ಮುಗಿಯಿತು. ಮಗುವಿನ ತೂಕ 12 ಕಿಲೋ ಎಂದಾದರೆ ಎರಡೂವರೆ ಮಿಲಿಲೀಟರಿನ ಆಸುಪಾಸಿಗೇ ನಿಲ್ಲಬೇಕು. ಒಂದೇ ದಿನ ನಾಲ್ಕೂ ಮೂಲೆಯ ಹಲ್ಲು ಮುಗಿಸಿಬಿಡೋಣ ಎಂಬ ಅವಸರದಲ್ಲಿ ಈ ಮಿತಿ ದಾಟುವ ಅಪಾಯವಿದೆ, ಮಂಪರಿನ ಜೊತೆ ಸೇರಿದರೆ ಅದು ಇಮ್ಮಡಿ ಕೇಡು.

ಹೊಟ್ಟೆ ಖಾಲಿಯಿಡುವ ವಿಷಯದಲ್ಲಿ ನಮ್ಮ ಮನೆಗಳಲ್ಲೇ ತಪ್ಪಾಗುವುದು ಹೆಚ್ಚು. ಸಾಮಾನ್ಯ ನಿಯಮ: ತಿಳಿನೀರು ಎರಡು ಗಂಟೆ ಮೊದಲು ನಿಲ್ಲಿಸಬೇಕು, ಎದೆಹಾಲು ನಾಲ್ಕು ಗಂಟೆ, ಬೇರೆ ಹಾಲು ಮತ್ತು ಲಘು ಆಹಾರ ಆರು ಗಂಟೆ, ಕರಿದದ್ದು ಇನ್ನೂ ಮೊದಲು. "ಪಾಪ, ಮಗು ಹಸಿದಿದೆ" ಎಂದು ಅಜ್ಜಿ ಹೊರಡುವಾಗ ಗುಟ್ಟಾಗಿ ಚಹಾದಲ್ಲಿ ಅದ್ದಿ ಎರಡು ಬಿಸ್ಕತ್ತು ಕೊಟ್ಟಿರುತ್ತಾರೆ. ಹಾಲು ಹಾಕಿದ ಚಹಾ ತಿಳಿನೀರಲ್ಲ. ಮಂಪರಿನಲ್ಲಿ ವಾಂತಿ ಬಂದು ಶ್ವಾಸಕೋಶಕ್ಕೆ ಇಳಿದರೆ ಆ ಎರಡು ಬಿಸ್ಕತ್ತು ಪ್ರಾಣಾಂತಿಕವಾದೀತು. ತಿಂದದ್ದು ಗೊತ್ತಾದರೆ ಮುಚ್ಚಿಡದೆ ಹೇಳಿಬಿಡಿ.

ಅಲ್ಲಿ ಕೇಳಬೇಕಾದ್ದು ಹೆಚ್ಚಿಲ್ಲ. ಯಾವ ಔಷಧ, ಒಂದೋ ಎರಡೋ ಮೂರೋ? ಕೋಟೆಯವರ ವಿಶ್ಲೇಷಣೆಯಲ್ಲಿ ಮೂರು ಅಥವಾ ಹೆಚ್ಚು ಔಷಧ ಬೆರೆಸಿದಲ್ಲಿ ಪರಿಣಾಮ ಕೆಟ್ಟದಾಗಿತ್ತು, ಅದರಲ್ಲೂ ಹಲ್ಲಿನ ಪ್ರಕರಣಗಳು ಮುಂದೆ ಇದ್ದವು. ಹಲ್ಲಿನ ಕೆಲಸ ನಡೆಯುವಾಗ ಉಸಿರನ್ನು ಮಾತ್ರ ನೋಡುತ್ತ ಕೂರುವವರು ಯಾರು? ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಬೆರಳಲ್ಲಿ ಇರಲೇಬೇಕು. ಆದರೆ ಉಸಿರು ನಿಂತು ಸ್ವಲ್ಪ ಹೊತ್ತಾದ ಮೇಲೆಯೇ ಅದರ ಅಂಕೆ ಇಳಿಯುವುದು. ಹೊರಬರುವ ಗಾಳಿಯನ್ನು ಅಳೆಯುವ ಕ್ಯಾಪ್ನೋಗ್ರಾಫ್ ಬೇಗ ತಿಳಿಸುತ್ತದೆ. ಮಗುವಿನ ಅಳತೆಯ ಮುಖವಾಡ, ಗಾಳಿಚೀಲ, ಪ್ರಾಣವಾಯುವಿನ ಸಿಲಿಂಡರ್ ಆ ಕೋಣೆಯಲ್ಲೇ ಉಂಟೋ?

ಮೆದುಳಿಗೆ ತೊಂದರೆಯಾಗುವುದೇ ಎಂದು ಕೆಲವರು ಕೇಳುವುದುಂಟು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2016ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟದ್ದು ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಹೆಚ್ಚು ಕಾಲ ಅಥವಾ ಪದೇ ಪದೇ ಕೊಡುವುದರ ಬಗ್ಗೆ. ಎಳೆಗೂಸುಗಳಿಗೆ ಒಂದು ಗಂಟೆಯೊಳಗಿನ ಒಂದು ಅರಿವಳಿಕೆ ಕೊಟ್ಟು ಐದು ವರ್ಷದ ತನಕ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬುದ್ಧಿಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಭಯಕ್ಕಿಂತ ಉಸಿರಿನ ಭಯ ದೊಡ್ಡದು.

ಕೊನೆಗೆ ಮನೆಯ ದಾರಿ. ಮಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ ಮುಳ್ಳೇರಿಯಕ್ಕೋ ಪೆರ್ಲಕ್ಕೋ ಬರುವವರಿಗೆ ಇದು ಸಣ್ಣ ಮಾತಲ್ಲ. ಕೊರೆತ, ಚುಚ್ಚು, ಗದ್ದಲ ನಿಂತ ಮೇಲೆ ಉಳಿದ ಔಷಧ ಮಗುವನ್ನು ಮತ್ತೆ ಆಳಕ್ಕೆ ಎಳೆಯಬಹುದು. ವಾಹನದಲ್ಲಿ ತಲೆ ಮುಂದಕ್ಕೆ ಜೋತುಬಿದ್ದರೆ ಶ್ವಾಸದ ದಾರಿ ಮಡಚಿಕೊಳ್ಳುತ್ತದೆ. ಮಗು ನಿದ್ದೆ ಮಾಡುತ್ತಿದೆಯೆಂದು ನಾವು ಎಣಿಸುತ್ತೇವೆ. ಗದ್ದಲವಿಲ್ಲದ ಜಾಗದಲ್ಲಿ ಕನಿಷ್ಠ 20 ನಿಮಿಷ ತಾನಾಗಿ ಎಚ್ಚರವಾಗಿ ಇರಬಲ್ಲದೋ ಎಂದು ನೋಡಿ ಬಿಡುಗಡೆ ಮಾಡುವುದು ಒಳ್ಳೆಯ ಕ್ರಮವೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಇಬ್ಬರು ದೊಡ್ಡವರು ಬೇಕು, ವಾಹನ ನಡೆಸಲು ಒಬ್ಬರು, ಮಗುವಿನ ಮುಖವನ್ನೇ ನೋಡುತ್ತ ಕೂರಲು ಒಬ್ಬರು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತರುವುದು ಬೇಡವೇ ಬೇಡ. ಮನೆ ದೂರವಾದರೆ ಅಂದು ರಾತ್ರಿ ಪೇಟೆಯ ನೆಂಟರ ಮನೆಯಲ್ಲಿ ಉಳಿಯುವುದೇ ಲೇಸು.

ಆ ತಂದೆಗೆ ಈ ಪ್ರಶ್ನೆಗಳನ್ನೆಲ್ಲ ಹಾಳೆಯೊಂದರಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಮೊನ್ನೆ ಹೋಗಿ ಕೇಳಿ ಬಂದರಂತೆ. ವೈದ್ಯರು ಬೇಸರಿಸಲಿಲ್ಲ, ಕೂರಿಸಿ ತುಳುವಿನಲ್ಲೇ ಉತ್ತರಿಸಿದರು. ಒಂದು ಹಲ್ಲಿಗೆ ಆ ಕಪ್ಪು ದ್ರವ ಹಚ್ಚಿದರೆ ಸಾಕಂತೆ, ಹಚ್ಚಿಯೂ ಆಯಿತು. ಇನ್ನೊಂದು ಹಲ್ಲಿಗೆ ಕೀವಾದ ಕಾರಣ ಮಂಪರು ಬೇಕೇ ಬೇಕು. ಅರಿವಳಿಕೆ ತಜ್ಞರು ಗುರುವಾರ ಮಾತ್ರ ಬರುವುದರಿಂದ ಸೋಮವಾರ ಇದ್ದ ದಿನವನ್ನು ಗುರುವಾರಕ್ಕೆ ಬದಲಾಯಿಸಿದ್ದಾರೆ. ತೂಕವನ್ನೂ ನೋಡಿದರು. ಮನೆಯಲ್ಲಿ ಹದಿನಾರು ಕಿಲೋ ಎಂದುಕೊಂಡದ್ದು, ಮಾಪಕದಲ್ಲಿ ಹದಿಮೂರೂವರೆ.